ಬಂದ ಓದುಗರು ಇನ್ನೊಂದು ಪುಟ ತೆರೆಯಬೇಕಾದರೆ

ಪ್ರಶ್ನೆ: ಒಂದೂವರೆ ವರ್ಷದಿಂದ ಹೊಲಿಗೆ ಬಗ್ಗೆ ಬ್ಲಾಗ್ ಬರೆಯುತ್ತಿದ್ದೇನೆ. ವಾರಕ್ಕೊಂದರಂತೆ ಇದುವರೆಗೆ 75 ಬರಹ ಹಾಕಿದ್ದೇನೆ. ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಪುಟ ಮೇಲೆ ಬರುವ ಹಾಗೆ ಮಾಡುವ ವಿಧಾನ) ಕೋರ್ಸ್ ಮಾಡಿದೆ, ಜನ ಯಾವ ಪದ ಹಾಕಿ ಹುಡುಕುತ್ತಾರೆ ಅಂತ ತೋರಿಸುವ ಕೀವರ್ಡ್ ಟೂಲ್ ನೋಡಿಕೊಂಡೇ ಬರೆಯುತ್ತೇನೆ. ದಿನಕ್ಕೆ 40-50 ಜನ ಬರುತ್ತಾರೆ. ಆದರೆ ಅರ್ಧ ನಿಮಿಷ ಇದ್ದು ಹೋಗಿಬಿಡುತ್ತಾರೆ, ಇನ್ನೊಂದು ಪುಟ ತೆರೆಯುವುದೇ ಇಲ್ಲ. ಎಸ್‌ಇಒಗೆ ಇನ್ನಷ್ಟು ದುಡ್ಡು ಹಾಕಬೇಕಾ? ಒಳ್ಳೆಯದನ್ನು ಬರೆದರೆ ಜನ ತಾವಾಗಿಯೇ ಬರುತ್ತಾರೆ ಅಂತಾರಲ್ಲ, ಅದು ನಿಜವಾ?

ಉತ್ತರ: ದುಡ್ಡು ಹಾಕಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇನ್ನು ಒಳ್ಳೆಯದನ್ನು ಬರೆದರೆ ಜನ ತಾವಾಗಿಯೇ ಬರುತ್ತಾರೆ ಅನ್ನುವ ಮಾತು ಪೂರ್ತಿ ನಿಜವಲ್ಲ. ಆದರೆ ಒಳ್ಳೆಯದನ್ನು ಬರೆದರೆ ಒಮ್ಮೆ ಬಂದವರು ಮತ್ತೆ ಬರುತ್ತಾರೆ, ಇದು ನಿಜ. ನಿಮಗೆ ಈಗ ಬೇಕಾಗಿರುವುದು ಅದೇ.

ನಿಮ್ಮ ಲೆಕ್ಕವನ್ನೇ ನೋಡಿ. ದಿನಕ್ಕೆ 40-50 ಜನ ಅಂದರೆ ತಿಂಗಳಿಗೆ ಸುಮಾರು 1,300 ಜನ. ಅಷ್ಟೂ ಜನ ಹೊಲಿಗೆಯಲ್ಲಿ ಏನೋ ಒಂದು ತೊಂದರೆಯಾಗಿ, ಹುಡುಕಿಕೊಂಡು ನಿಮ್ಮ ಬಾಗಿಲ ತನಕ ಬಂದವರು. ಅವರಲ್ಲಿ ನೂರಕ್ಕೆ ಐದು ಮಂದಿ ಉಳಿದುಕೊಂಡರೂ ತಿಂಗಳಿಗೆ 65 ಹೊಸ ಕಾಯಂ ಓದುಗರು. ಒಂದೂವರೆ ವರ್ಷದಲ್ಲಿ ಸಾವಿರ ದಾಟುತ್ತಿತ್ತು. ಎಸ್‌ಇಒಗೆ ಇನ್ನಷ್ಟು ಹಣ ಸುರಿದರೆ 50 ಇದ್ದದ್ದು 100 ಆಗಬಹುದು. ಆ 100 ಜನವೂ ಅರ್ಧ ನಿಮಿಷ ಇದ್ದು ಹೋಗುತ್ತಾರೆ. ಕೊಡ ತೂತಾಗಿರುವಾಗ ನೀರು ಜಾಸ್ತಿ ಸೇದಿ ಏನು ಪ್ರಯೋಜನ?

ಹಾಗಾದರೆ ತೂತು ಎಲ್ಲಿದೆ? ಅದನ್ನು ತಿಳಿಯಲು ನಿಮ್ಮ ಹದಿನೈದು ಬರಹ ಕೂತು ಓದಿದೆ. ಅದರಲ್ಲಿ ಒಂದನ್ನು ಮಾತ್ರ ಇಲ್ಲಿ ಬಿಡಿಸಿ ನೋಡೋಣ. ‘ಹೊಲಿಗೆ ಯಂತ್ರದಲ್ಲಿ ದಾರ ಸಿಕ್ಕಾಗಲು 7 ಕಾರಣಗಳು’ ಅನ್ನುವ ಬರಹ. ಅದು ಹೊಲಿಗೆ ಯಂತ್ರ ಮನೆಗೆ ಎಷ್ಟು ಮುಖ್ಯ ಅನ್ನುವುದರಿಂದ ಶುರುವಾಗುತ್ತದೆ. ಮೊದಲ ಪ್ಯಾರಾದಲ್ಲೇ ‘ಹೊಲಿಗೆ ಯಂತ್ರದಲ್ಲಿ ದಾರ ಸಿಕ್ಕು’ ಅನ್ನುವ ಮಾತು ನಾಲ್ಕು ಸಲ ಬರುತ್ತದೆ. ಕೀವರ್ಡ್‌ಗೋಸ್ಕರ ಅಂತ ಗೊತ್ತಾಗುತ್ತದೆ. ಆಮೇಲೆ ಏಳು ಕಾರಣ, ಒಂದೊಂದಕ್ಕೂ ಎರಡೆರಡು ಸಾಲು. ಆರನೆಯದು: ‘ದಾರವನ್ನು ಸರಿಯಾಗಿ ಪೋಣಿಸಿ.’

ಈಗ ಆ ಪುಟಕ್ಕೆ ಬಂದವರ ಸ್ಥಿತಿ ಯೋಚಿಸಿ. ಅವರ ಮುಂದೆ ಯಂತ್ರ ಇದೆ. ಅರ್ಧ ಹೊಲಿದ ಬಟ್ಟೆ ಸೂಜಿಯ ಕೆಳಗೆ ಸಿಕ್ಕಿಕೊಂಡಿದೆ. ಎಳೆದರೆ ಬರುವುದಿಲ್ಲ. ಬಗ್ಗಿ ನೋಡಿದರೆ ಬಟ್ಟೆಯ ಅಡಿಯಲ್ಲಿ ದಾರ ಹಕ್ಕಿಗೂಡಿನ ಹಾಗೆ ಗಂಟು ಕಟ್ಟಿದೆ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಫೋನ್. ಅವರಿಗೆ ‘ಸರಿಯಾಗಿ ಪೋಣಿಸಿ’ ಅಂದರೆ ಏನು ಅರ್ಥವಾದೀತು? ಸರಿಯಾಗಿಯೇ ಪೋಣಿಸಿದ್ದೇನೆ ಅಂತಲೇ ಅವರು ಅಂದುಕೊಂಡಿದ್ದಾರೆ.

ಅವರಿಗೆ ಬೇಕಾದ ಉತ್ತರ ನಿಮಗೆ ಗೊತ್ತಿದೆ. ಇನ್ನೊಂದು ಬರಹದಲ್ಲಿ, ಕಲಿಯುವವರು ಜಾಸ್ತಿ ಮಾಡುವ ತಪ್ಪು ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಇಳಿಸಿಕೊಂಡೇ ದಾರ ಪೋಣಿಸುವುದು ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲೇ ಇತ್ತು ಚಿನ್ನ. ಗಂಟು ಬಟ್ಟೆಯ ಕೆಳಗೆ ಕಾಣುವುದರಿಂದ ಎಲ್ಲರೂ ಕೆಳಗಿನ ದಾರ ಸುತ್ತಿದ ಬಾಬಿನ್ ಮೇಲೆ ಅನುಮಾನ ಪಡುತ್ತಾರೆ. ಬಾಬಿನ್ ತೆಗೆದು ಹಾಕಿ, ತೆಗೆದು ಹಾಕಿ ಸುಸ್ತಾಗುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಫುಟ್ ಕೆಳಗಿದ್ದಾಗ, ಮೇಲಿನ ದಾರವನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ಡಿಸ್ಕ್‌ಗಳು ಒತ್ತಿಕೊಂಡಿರುತ್ತವೆ. ಆಗ ಪೋಣಿಸಿದರೆ ದಾರ ಅವುಗಳ ನಡುವೆ ಕೂರುವುದಿಲ್ಲ, ಮೇಲೆಯೇ ತೇಲುತ್ತದೆ. ಹಿಡಿತವಿಲ್ಲದ ದಾರ ಬೇಕಾದ್ದಕ್ಕಿಂತ ಜಾಸ್ತಿ ಕೆಳಗೆ ಇಳಿದು ಗಂಟಾಗುತ್ತದೆ. ಫುಟ್ ಎತ್ತಿ, ಮೊದಲಿನಿಂದ ಮತ್ತೆ ಪೋಣಿಸಬೇಕು. ಸರಿಯಾಯಿತಾ ಅಂತ ನೋಡುವುದೂ ಸುಲಭ. ಫುಟ್ ಎತ್ತಿದಾಗ ದಾರ ಎಳೆದರೆ ಸರಾಗವಾಗಿ ಬರಬೇಕು. ಇಳಿಸಿ ಎಳೆದರೆ ಬಿಗಿ ಅನ್ನಿಸಬೇಕು.

ಬರಹ ಇಷ್ಟನ್ನೇ ಮೊದಲ ಪ್ಯಾರಾದಲ್ಲಿ ಹೇಳಿದ್ದರೆ ಆ ಓದುಗರು ಎರಡು ನಿಮಿಷದಲ್ಲಿ ಮತ್ತೆ ಹೊಲಿಯುತ್ತಿದ್ದರು. ಕೆಲಸ ಮುಗಿದ ಮೇಲೆ ನಿಮ್ಮ ಪುಟಕ್ಕೆ ವಾಪಸ್ ಬರುತ್ತಿದ್ದರು, ಇವರು ಇನ್ನೇನು ಬರೆದಿದ್ದಾರೆ ಅಂತ ನೋಡಲು. ಕಾಯಂ ಓದುಗರು ಹುಟ್ಟುವುದೇ ಆ ಗಳಿಗೆಯಲ್ಲಿ. ‘ಇವರಿಗೆ ನಿಜವಾಗಿಯೂ ಗೊತ್ತಿದೆ’ ಅಂತ ಒಂದು ಸಲ ಅನ್ನಿಸಿದರೆ ಸಾಕು.

ನೀವು ಹೀಗೆ ಬರೆದದ್ದು ನಿಮ್ಮ ತಪ್ಪು ಅನ್ನುವುದಕ್ಕಿಂತ, ಕಲಿತ ವಿಧಾನದ ತಪ್ಪು. ಕೀವರ್ಡ್ ಟೂಲ್ ಒಂದು ಮಾತು ಕೊಡುತ್ತದೆ. ಆ ಮಾತಿಗೆ ಮೊದಲ ಹತ್ತರಲ್ಲಿ ಬರುವ ಪುಟಗಳನ್ನು ನೋಡಿ, ಅವುಗಳಲ್ಲಿ ಇರುವುದೆಲ್ಲ ನಿಮ್ಮದರಲ್ಲೂ ಇರಲಿ ಅಂತ ಕಲಿಸುತ್ತಾರೆ. ಹತ್ತೂ ಪುಟಗಳನ್ನು ಹೀಗೇ ಇನ್ನೊಬ್ಬರನ್ನು ನೋಡಿ ಬರೆದಿರುತ್ತಾರೆ. ನಿಮ್ಮದು ಹನ್ನೊಂದನೆಯದಾಗುತ್ತದೆ. ಯಾವ ತಪ್ಪೂ ಇಲ್ಲದ, ಯಾರಿಗೂ ಬೇಡದ ಪುಟ.

ಎಸ್‌ಇಒ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದರ ಇತಿಹಾಸ ಸ್ವಲ್ಪ ಗೊತ್ತಿದ್ದರೆ ಅದರ ಮೇಲೆ ಎಷ್ಟು ಭಾರ ಹಾಕಬಹುದು ಅನ್ನುವುದು ತಿಳಿಯುತ್ತದೆ. 1998ರಲ್ಲಿ ಗೂಗಲ್ ಶುರುವಾದಾಗ ಅದರ ಮುಖ್ಯ ಉಪಾಯ ಪೇಜ್‌ರ‍್ಯಾಂಕ್. ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ (ಲಿಂಕ್) ಇದ್ದರೆ ಅದೊಂದು ಮತ ಅಂತ ಲೆಕ್ಕ. ಒಬ್ಬರು ಓದಿ ಮೆಚ್ಚಿ ಇನ್ನೊಬ್ಬರಿಗೆ ತೋರಿಸುತ್ತಾರಲ್ಲ, ಅದನ್ನೇ ಯಂತ್ರ ಎಣಿಸುತ್ತಿತ್ತು. ಬೇರು ಒಳ್ಳೆಯದೇ. ಆದರೆ ಎಣಿಸುವುದು ಏನನ್ನು ಅಂತ ಗೊತ್ತಾದ ಕೂಡಲೇ ಜನ ಅದನ್ನೇ ತಯಾರಿಸಲು ಶುರು ಮಾಡಿದರು. ಪುಟದ ಹಿಂದೆ ಓದುಗರಿಗೆ ಕಾಣದ ಕೀವರ್ಡ್ ಟ್ಯಾಗ್ ಒಳಗೆ ಪದಗಳ ಪಟ್ಟಿ ತುಂಬುವುದಂತೂ ಮೊದಲಿನಿಂದಲೂ ಇತ್ತು. ಆ ಟ್ಯಾಗನ್ನು ತಾನು ನೋಡುವುದೇ ಇಲ್ಲ ಅಂತ 2009ರಲ್ಲಿ ಗೂಗಲ್ ಹೇಳಿತು. ಅಲ್ಲಿ ಇಲ್ಲಿ ಹೆಕ್ಕಿ ಸಾವಿರಾರು ಪೊಳ್ಳು ಪುಟ ಹಾಕುವ ತಾಣಗಳು ಬಂದವು. 2011ರ ಫೆಬ್ರವರಿಯಲ್ಲಿ ಬಂದ ಪಾಂಡಾ ಅನ್ನುವ ಬದಲಾವಣೆ ಅವನ್ನು ಕೆಳಗೆ ತಳ್ಳಿತು. ಕೊಂಡಿಗಳನ್ನು ದುಡ್ಡಿಗೆ ಮಾರಿದರು. 2012ರ ಏಪ್ರಿಲ್‌ನಲ್ಲಿ ಅದನ್ನು ತಡೆಯಲು ಪೆಂಗ್ವಿನ್ ಅನ್ನುವ ಇನ್ನೊಂದು ಬದಲಾವಣೆ ಬಂತು. ಪ್ರತಿ ಸಲವೂ ಕತೆ ಒಂದೇ. ಉಪಾಯ ನಂಬಿಕೊಂಡವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

2022ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ಗುಣಮಟ್ಟದ ಮಾರ್ಗಸೂಚಿಗೆ ‘ಅನುಭವ’ ಅನ್ನುವ ಅಂಶವನ್ನೂ ಸೇರಿಸಿತು. ಬರೆದವರು ಆ ಕೆಲಸವನ್ನು ಸ್ವತಃ ಮಾಡಿದ್ದಾರಾ, ಆ ವಸ್ತುವನ್ನು ಕೈಯಲ್ಲಿ ಹಿಡಿದಿದ್ದಾರಾ ಅಂತ ನೋಡುವುದು. ಇದು ನಿಮಗೆ ಅನುಕೂಲದ ವಿಷಯ. ಆದರೂ ಒಂದು ಎಚ್ಚರಿಕೆ ಹೇಳಲೇಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಬದಲಾವಣೆಯಿಂದ, ಸ್ವಂತ ಅನುಭವದಿಂದ ಬರೆಯುತ್ತಿದ್ದ ಎಷ್ಟೋ ಸಣ್ಣ ತಾಣಗಳಿಗೂ ಹೊಡೆತ ಬಿತ್ತು. ಅಂದರೆ ಒಳ್ಳೆಯ ಬರಹಕ್ಕೆ ಹುಡುಕಾಟದ ಯಂತ್ರ ಯಾವಾಗಲೂ ಬೆಲೆ ಕೊಡುತ್ತದೆ ಅಂತ ನಾನು ನಿಮಗೆ ಭರವಸೆ ಕೊಡಲಾರೆ. 2024ರಿಂದೀಚೆಗೆ ಎಐ ಬರೆದ ಉತ್ತರವನ್ನು ಫಲಿತಾಂಶದ ಪುಟದ ಮೇಲೆಯೇ ತೋರಿಸುವುದೂ ಶುರುವಾಗಿದೆ. ‘7 ಕಾರಣಗಳು’ ತರಹದ ಸಾಮಾನ್ಯ ಉತ್ತರ ಅಲ್ಲೇ ಸಿಕ್ಕಿಬಿಟ್ಟರೆ ಕೆಳಗಿನ ಕೊಂಡಿ ಒತ್ತುವವರು ಕಡಿಮೆಯಾಗುತ್ತಾರೆ. ಹಾಗಾಗಿ ಹುಡುಕಾಟದಿಂದ ಬರುವವರನ್ನು ಖುಷಿಯಿಂದ ಬರಮಾಡಿಕೊಳ್ಳಿ. ಅವರನ್ನೇ ನಂಬಿ ಕೂರಬೇಡಿ.

ಎಸ್‌ಇಒನಲ್ಲಿ ಉಳಿಸಿಕೊಳ್ಳಬೇಕಾದ್ದು ಸ್ವಲ್ಪವೇ. ಪುಟ ಫೋನ್‌ನಲ್ಲಿ ಬೇಗ ತೆರೆಯಬೇಕು. ಶೀರ್ಷಿಕೆ ಜನ ಆಡುವ ಮಾತಿನಲ್ಲಿರಬೇಕು. ಚಿತ್ರದಲ್ಲಿ ಏನಿದೆ ಅಂತ ಒಂದು ಸಾಲಿನ ವಿವರಣೆ ಇರಬೇಕು. ಒಂದು ಬರಹದಿಂದ ಅದಕ್ಕೆ ಹೊಂದುವ ಇನ್ನೊಂದಕ್ಕೆ ಕೊಂಡಿ ಇರಬೇಕು. ಒಂದು ದಿನ ಕೂತರೆ ಮುಗಿಯುವ ಕೆಲಸ ಇದು. ಕೀವರ್ಡ್ ಟೂಲನ್ನೂ ಬಿಸಾಡಬೇಡಿ. ಏನು ಬರೆಯಬೇಕು ಅಂತ ಅದನ್ನು ಕೇಳಬೇಡಿ, ಜನ ಯಾವ ಮಾತಿನಲ್ಲಿ ಕೇಳುತ್ತಾರೆ ಅಂತ ಕೇಳಿ. ನೀವು ‘ಟೆನ್ಷನ್ ಅಸಮತೋಲನ’ ಅಂತ ಬರೆದಿದ್ದೀರಿ. ಹುಡುಕುವವರು ‘ಕೆಳಗೆ ದಾರ ಗಂಟಾಗ್ತಿದೆ’ ಅಂತಲೇ ಟೈಪ್ ಮಾಡುತ್ತಾರೆ.

ಗುಣಮಟ್ಟ ಅಂದಾಗ ಬಹಳ ಜನ ಉದ್ದದ ಬರಹ ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಚೆಂದದ ಭಾಷೆ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ಬರಹ ಓದಿದ ಮೇಲೆ ಓದುಗರ ಕೈಯಲ್ಲಿ ಏನಾದರೂ ಬದಲಾಗಬೇಕು. ಮೊದಲು ಆಗದಿದ್ದ ಕೆಲಸ ಆಗಬೇಕು, ಇಲ್ಲ ಮೊದಲು ಕಾಣದಿದ್ದದ್ದು ಕಾಣಬೇಕು. ಅದು 300 ಪದದಲ್ಲಿ ಆದರೆ 300 ಪದ ಸಾಕು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹಿಂದೆ ಸೈಕಲ್ ರಿಪೇರಿ ಬಗ್ಗೆ ಬರೆಯುತ್ತಿದ್ದೆ. ಒಮ್ಮೆ ಹಳೆಯ ಚೈನ್ ತೆಗೆದು ಹೊಸದು ಹಾಕಿದೆ. ಜೋರಾಗಿ ತುಳಿದಾಗಲೆಲ್ಲ ಚೈನ್ ಟಕ್ ಅಂತ ಹಾರುತ್ತಿತ್ತು. ಚೈನ್ ಸರಿ ಇಲ್ಲ ಅಂತ ಇನ್ನೊಂದು ತಂದೆ. ಅದೂ ಹಾಗೇ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಹಳೆಯ ಚೈನ್ ಸವೆದು ಹಿಗ್ಗಿತ್ತು. ಅದರ ಜೊತೆ ಹಿಂದಿನ ಚಕ್ರದ ಹಲ್ಲುಗಳೂ ಅದಕ್ಕೆ ಹೊಂದುವ ಹಾಗೆ ಸವೆದಿದ್ದವು. ಸರಿ ಅಳತೆಯ ಹೊಸ ಚೈನ್ ಆ ಸವೆದ ಹಲ್ಲುಗಳ ಮೇಲೆ ಕೂರುತ್ತಿರಲಿಲ್ಲ. ಬದಲಾಯಿಸಬೇಕಾಗಿದ್ದದ್ದು ಹಲ್ಲಿನ ಚಕ್ರವನ್ನು. ಇದನ್ನು ನಾನು ಮಾಡಿದ ತಪ್ಪಿನ ಸಮೇತ ಬರೆದೆ. ಹಳೆಯ ಹಲ್ಲು, ಹೊಸ ಹಲ್ಲು ಅಕ್ಕಪಕ್ಕ ಇಟ್ಟು ತೆಗೆದ ಒಂದು ಫೋಟೊ ಹಾಕಿದೆ. ಅದೇ ತಿಂಗಳು ಕೀವರ್ಡ್ ನೋಡಿ ‘ಸೈಕಲ್ ಸವಾರಿಯ 10 ಲಾಭಗಳು’ ಅಂತಲೂ ಬರೆದಿದ್ದೆ. ಲಾಭಗಳ ಬರಹಕ್ಕೆ ಜಾಸ್ತಿ ಜನ ಬಂದರು, ಒಬ್ಬರೂ ಒಂದು ಮಾತು ಬರೆಯಲಿಲ್ಲ. ಚೈನ್ ಬರಹಕ್ಕೆ ಬಂದವರು ಕಡಿಮೆ. ಆದರೆ ‘ನನಗೂ ಹೀಗೇ ಆಗಿತ್ತು’ ಅಂತ ಇಮೇಲ್ ಬಂದವು, ಬೇರೆಯವರು ತಮ್ಮ ಪುಟಗಳಿಂದ ಕೊಂಡಿ ಕೊಟ್ಟರು. ನಾನು ಯಾರನ್ನೂ ಕೇಳಿರಲಿಲ್ಲ.

ನಿಮ್ಮ ತಪ್ಪುಗಳನ್ನು ಬರೆಯಿರಿ ಅನ್ನುವುದು ಇದಕ್ಕೇ. ಸರಿಯಾದ ವಿಧಾನ ಎಲ್ಲ ಕಡೆ ಸಿಗುತ್ತದೆ. ಆ ವಿಧಾನ ಎಲ್ಲಿ ಕೈ ಕೊಡುತ್ತದೆ, ಕೈ ಕೊಟ್ಟಾಗ ನೋಡಲು ಹೇಗಿರುತ್ತದೆ, ಅದು ಮಾಡಿದವರಿಗೆ ಮಾತ್ರ ಗೊತ್ತು. ಎಲ್ಲಿಂದಲೋ ಇಳಿಸಿಕೊಂಡ ಹೊಳೆಯುವ ಯಂತ್ರದ ಚಿತ್ರ ತೆಗೆದುಹಾಕಿ. ನಿಮ್ಮ ಯಂತ್ರದ ಅಡಿಯಲ್ಲಿ ಕಟ್ಟಿದ ಗಂಟಿನ ಫೋಟೊ ಹಾಕಿ. ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ. ನೋಡಿದವರು ‘ನನ್ನದೂ ಇದೇ’ ಅನ್ನಬೇಕು.

ಬರೆಯುವಾಗ ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ಮನಸ್ಸಿನಲ್ಲೇ ಸಾಕು, ಆದರೆ ನಿಜವಾದ ಒಬ್ಬರು. ನಿಮ್ಮನ್ನು ಈ ಪ್ರಶ್ನೆ ಯಾರು ಕೇಳಿದ್ದರೋ ಅವರು. ಅವರಿಗೆ ಹೊಲಿಗೆ ಯಂತ್ರದ ಮಹತ್ವ ಹೇಳುತ್ತಾ ಕೂರುತ್ತೀರಾ? ಇಲ್ಲ ಅಲ್ವಾ. ‘ಮೊದಲು ಫುಟ್ ಎತ್ತಿ’ ಅಂತೀರಿ. ಬರಹವೂ ಅಲ್ಲಿಂದಲೇ ಶುರುವಾಗಲಿ. ತೆರೆಯ ಮೇಲೆ ಓದುವವರು ಹೇಗೆ ಓದುತ್ತಾರೆ ಅಂತ ಜನ ವೆಬ್ ಪುಟ ಬಳಸುವ ರೀತಿಯನ್ನು ಅಧ್ಯಯನ ಮಾಡುವ ಯಾಕೊಬ್ ನೀಲ್ಸನ್ 1997ರಲ್ಲೇ ಪರೀಕ್ಷೆ ಮಾಡಿ ನೋಡಿದ್ದರು. ನೂರಕ್ಕೆ 79 ಜನ ಹೊಸ ಪುಟವನ್ನು ಸುಮ್ನೆ ಕಣ್ಣಾಡಿಸಿ ನೋಡಿದ್ದರು. ಪದ ಪದವಾಗಿ ಓದಿದವರು 16 ಜನ ಮಾತ್ರ. ಇದನ್ನು ಹಿಡಿದುಕೊಂಡು ಎಲ್ಲವನ್ನೂ ತುಂಡು ತುಂಡು ಪಟ್ಟಿ ಮಾಡಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದರಿಂದ ಕಾಣುವುದು ಬೇರೆ. ಕಣ್ಣಾಡಿಸುವವರು ನಿಲ್ಲುವ ಜಾಗ ಹುಡುಕುತ್ತಿರುತ್ತಾರೆ. ತಮ್ಮದೇ ತೊಂದರೆ ಮೊದಲ ಮೂರು ಸಾಲಿನಲ್ಲಿ ಕಂಡರೆ ನಿಲ್ಲುತ್ತಾರೆ, ನಿಂತ ಮೇಲೆ ಓದುತ್ತಾರೆ.

ವಾರಕ್ಕೊಂದು ಅನ್ನುವ ನಿಯಮ ಬಿಟ್ಟುಬಿಡಿ. ತಿಂಗಳಿಗೆ ಎರಡು ಸಾಕು. ಉಳಿದ ಸಮಯ ಹಳೆಯ ಬರಹಗಳಿಗೆ ಕೊಡಿ. 75ರಲ್ಲಿ ಒಂದೇ ವಿಷಯದ ಮೇಲೆ ಮೂರು ಮೂರು ಬರಹ ಇವೆ. ಸೂಜಿ ಆರಿಸುವ ಬಗ್ಗೆಯೇ ನಾನು ನಾಲ್ಕು ನೋಡಿದೆ. ನಾಲ್ಕನ್ನೂ ಸೇರಿಸಿ ಒಂದೇ ಮಾಡಿ. ತೆಳು ಬಟ್ಟೆಗೆ 70/10 ಅಳತೆಯ ಸೂಜಿ, ಸಾಮಾನ್ಯ ಹತ್ತಿಗೆ 80/12, ದಪ್ಪ ಬಟ್ಟೆಗೆ 90/14, ಜೀನ್ಸ್‌ಗೆ 100/16 ಅಂತ ಒಂದು ಕೋಷ್ಟಕ ಹಾಕಿ. ಪಕ್ಕದಲ್ಲಿ ತಪ್ಪು ಸೂಜಿ ಹಾಕಿದರೆ ಹೊಲಿಗೆ ಹೇಗೆ ಕಾಣುತ್ತದೆ ಅಂತ ನೀವೇ ಹೊಲಿದ ತುಂಡುಗಳ ಫೋಟೊ ಹಾಕಿ. ಇಂಥ ಪುಟವನ್ನು ಜನ ಉಳಿಸಿಟ್ಟುಕೊಳ್ಳುತ್ತಾರೆ. ಇಂಥದ್ದಕ್ಕೆ ಬೇರೆಯವರು ತಾವಾಗಿಯೇ ಕೊಂಡಿ ಕೊಡುತ್ತಾರೆ. ಹಳೆಯ ವಿಳಾಸಗಳಿಗೆ ಬಂದವರು ಹೊಸ ಪುಟಕ್ಕೇ ಹೋಗುವ ಹಾಗೆ ಮಾಡುವುದನ್ನು ಮರೆಯಬೇಡಿ. ಏನೂ ಬದಲಾಯಿಸದೆ ಬರೀ ತಾರೀಖು ಬದಲಾಯಿಸುವ ಅಭ್ಯಾಸ ಮಾತ್ರ ಬೇಡ. ಓದುಗರಿಗೆ ಅದು ಗೊತ್ತಾಗುತ್ತದೆ.

ಈಗ ನೀವು ಕೇಳಿದ ‘ತಾವಾಗಿಯೇ ಬರುತ್ತಾರಾ’ ಅನ್ನುವುದಕ್ಕೆ ಬರುತ್ತೇನೆ. ಬರುವುದಿಲ್ಲ. ಮೊದಲ ನೂರು ಜನರನ್ನು ನೀವೇ ಕರೆದುಕೊಂಡು ಬರಬೇಕು. ಹೊಲಿಗೆ ಕಲಿಯುವವರು ಎಲ್ಲಿ ಪ್ರಶ್ನೆ ಕೇಳುತ್ತಾರೋ ಅಲ್ಲಿಗೆ ಹೋಗಿ ಉತ್ತರ ಕೊಡಿ. ಪೂರ್ತಿ ಉತ್ತರವನ್ನು ಅಲ್ಲೇ ಕೊಡಿ. ‘ಹೆಚ್ಚಿನ ಮಾಹಿತಿಗೆ ಇಲ್ಲಿ ಒತ್ತಿ’ ಅಂತ ಅರ್ಧ ಹೇಳಿ ಎಳೆದುಕೊಂಡು ಬರುವುದು ಬೇಡ. ಫೋಟೊ ನೋಡದೆ ಅರ್ಥವಾಗದ ವಿಷಯವಾದರೆ ಮಾತ್ರ ಕೊಂಡಿ ಕೊಡಿ. ಹೀಗೆ ಹತ್ತು ಸಲ ಉಪಯೋಗಕ್ಕೆ ಬಂದವರ ಹೆಸರನ್ನು ಜನ ತಾವೇ ಒತ್ತಿ ನೋಡುತ್ತಾರೆ. ನಿಮ್ಮ ವಿಷಯದಲ್ಲೇ ಚೆನ್ನಾಗಿ ಬರೆಯುವ ಇನ್ನೊಬ್ಬರಿದ್ದರೆ ಧಾರಾಳವಾಗಿ ಅವರ ಬರಹಕ್ಕೆ ಕೊಂಡಿ ಕೊಡಿ, ಯಾಕೆ ಇಷ್ಟವಾಯಿತು ಅಂತ ಅವರಿಗೆ ಎರಡು ಸಾಲು ಬರೆಯಿರಿ. ಪ್ರತಿಯಾಗಿ ಏನೂ ಕೇಳಬೇಡಿ. ಓದುಗರು ಕೈ ತಪ್ಪಿಹೋಗುತ್ತಾರೆ ಅನ್ನುವ ಭಯ ಬೇಡ. ಹೊಲಿಗೆ ಕಲಿಯುವವರು ಒಂದೇ ಕಡೆ ಓದಿ ನಿಲ್ಲಿಸುವವರಲ್ಲ.

ಬಂದವರ ಜೊತೆ ಸಂಪರ್ಕ ಉಳಿಸಿಕೊಳ್ಳುವ ದಾರಿ ನಿಮ್ಮ ಕೈಯಲ್ಲೇ ಇರಲಿ. ಒಂದು ಕಾಲದಲ್ಲಿ ತುಂಬಾ ಜನ ಬ್ಲಾಗ್‌ಗಳನ್ನು ತಾವು ಆರಿಸಿದ ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್‌ನಲ್ಲಿ ಓದುತ್ತಿದ್ದರು. 2013ರ ಜುಲೈ 1ರಂದು ಅದನ್ನು ಮುಚ್ಚಿದರು. ಬರೆಯುವವರಿಗೆ ತಮ್ಮ ಓದುಗರು ಯಾರು, ಎಲ್ಲಿದ್ದಾರೆ ಅಂತಲೇ ಗೊತ್ತಿರಲಿಲ್ಲ. ಅದರಿಂದ ನಾನು ಕಲಿತದ್ದು, ಇಮೇಲ್ ಪಟ್ಟಿ ಸಣ್ಣದಾದರೂ ನಮ್ಮದೇ ಇರಬೇಕು ಅಂತ. ಪ್ರತಿ ಬರಹದ ಕೊನೆಯಲ್ಲಿ ಒಂದು ಸಾಲು ಸಾಕು. ಪುಟ ತೆರೆದ ಕೂಡಲೇ ಮುಖಕ್ಕೆ ರಾಚುವ ಪೆಟ್ಟಿಗೆ ದಯವಿಟ್ಟು ಹಾಕಬೇಡಿ, ಕೈಯಲ್ಲಿ ಕತ್ತರಿ ಹಿಡಿದವರಿಗೆ ಅದನ್ನು ಮುಚ್ಚುವುದೇ ಒಂದು ಕೆಲಸ. ತಿಂಗಳಿಗೊಂದು ಪತ್ರ ಕಳಿಸಿ. ಏನು ಹೊಲಿದಿರಿ, ಎಲ್ಲಿ ಕೆಟ್ಟಿತು, ಏನು ಮಾಡಿದಿರಿ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿ: ‘ಈ ತಿಂಗಳು ನಿಮಗೆ ಎಲ್ಲಿ ಕಷ್ಟವಾಯಿತು?’ ಬರುವ ಉತ್ತರಗಳೇ ನಿಮ್ಮ ಮುಂದಿನ ಬರಹಗಳು. ಯಾವ ಕೀವರ್ಡ್ ಟೂಲ್‌ನಲ್ಲೂ ಇವು ಸಿಗುವುದಿಲ್ಲ.

ಲೆಕ್ಕ ನೋಡುವುದನ್ನೂ ಬದಲಾಯಿಸಿ. ದಿನಕ್ಕೆ ಎಷ್ಟು ಜನ ಅನ್ನುವುದನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು. ಮತ್ತೆ ಬಂದವರು ಎಷ್ಟು, ಎರಡನೇ ಪುಟ ತೆರೆದವರು ಎಷ್ಟು, ಪತ್ರಕ್ಕೆ ಉತ್ತರ ಬರೆದವರು ಎಷ್ಟು, ಈ ಮೂರನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಯಾರೂ ಕಾಮೆಂಟ್ ಹಾಕುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಆನ್‌ಲೈನ್‌ನಲ್ಲಿ ಸೇರುವ ನೂರು ಜನರಲ್ಲಿ ಸುಮಾರು 90 ಜನ ಓದಿ ಸುಮ್ಮನಿರುತ್ತಾರೆ, 9 ಜನ ಆಗೊಮ್ಮೆ ಈಗೊಮ್ಮೆ ಮಾತಾಡುತ್ತಾರೆ, ಒಬ್ಬರು ಜಾಸ್ತಿ ಬರೆಯುತ್ತಾರೆ ಅಂತ ನೀಲ್ಸನ್ 2006ರಲ್ಲಿ ಬರೆದಿದ್ದರು. ನನ್ನ ಅನುಭವವೂ ಹೆಚ್ಚುಕಡಿಮೆ ಹಾಗೇ ಇದೆ. ಸುಮ್ಮನಿರುವ ಆ 90 ಜನರಲ್ಲೇ ನಿಮ್ಮ ಅತಿ ನಿಷ್ಠೆಯ ಓದುಗರು ಇರುತ್ತಾರೆ.

ಇದೆಲ್ಲ ನಿಧಾನ. ಆರು ತಿಂಗಳು ಏನೂ ಬದಲಾಗಲಿಲ್ಲ ಅನ್ನಿಸಬಹುದು. ಬರಹಗಳನ್ನು ಸೇರಿಸಿ ಕಡಿಮೆ ಮಾಡಿದಾಗ ಬರುವವರ ಸಂಖ್ಯೆ ಸ್ವಲ್ಪ ದಿನ ಇಳಿಯಲೂಬಹುದು. ಆಗ ಗಾಬರಿಯಾಗಿ ಹಳೆಯ ಪಟ್ಟಿ ಬರಹಗಳಿಗೆ ವಾಪಸ್ ಹೋಗಬೇಡಿ. ನಿಮ್ಮ ಹತ್ತಿರ ನಿಜವಾದ ಕೆಲಸ ಇದೆ. ಇಷ್ಟು ವರ್ಷ ಬಟ್ಟೆ, ದಾರದ ಜೊತೆ ಕಳೆದ ಕೈ ಇದೆ. ಅದು ಪುಟದ ಮೇಲೆ ಕಾಣದೇ ಹೋಗುತ್ತಿದೆ ಅನ್ನುವುದೇ ನನಗೆ ಬೇಜಾರು.

ಈ ವಾರ ಹೊಸದೇನೂ ಬರೆಯಬೇಡಿ. ದಾರ ಸಿಕ್ಕಿನ ಬರಹ ತೆಗೆದುಕೊಳ್ಳಿ. ಮೊದಲ ಪ್ಯಾರಾ ಅಳಿಸಿ. ಬೇಕಂತಲೇ ಫುಟ್ ಇಳಿಸಿಕೊಂಡು ದಾರ ಪೋಣಿಸಿ, ನಾಲ್ಕು ಇಂಚು ಹೊಲಿಯಿರಿ. ಗಂಟು ಕಟ್ಟುತ್ತದೆ. ಬಟ್ಟೆ ತಿರುಗಿಸಿ ಅದರ ಫೋಟೊ ತೆಗೆಯಿರಿ. ಆಮೇಲೆ ಫುಟ್ ಎತ್ತಿ ಪೋಣಿಸಿ, ಅದರ ಪಕ್ಕದಲ್ಲೇ ಇನ್ನು ನಾಲ್ಕು ಇಂಚು ಹೊಲಿದು ಇನ್ನೊಂದು ಫೋಟೊ. ಎರಡರ ನಡುವೆ ಏನು ಮಾಡಿದಿರಿ ಅಂತ ಬರೆಯಿರಿ. ಶೀರ್ಷಿಕೆ ‘ಬಟ್ಟೆಯ ಕೆಳಗೆ ದಾರ ಗಂಟಾಗುತ್ತಿದೆಯಾ? ಬಾಬಿನ್ ಮುಟ್ಟಬೇಡಿ’ ಅಂತಿರಲಿ. ಮುಗಿದ ಮೇಲೆ ನಿಮ್ಮ ಹತ್ತಿರ ಹೊಲಿಗೆ ಕಲಿಯುತ್ತಿರುವ ಯಾರಿಗಾದರೂ ಅದನ್ನು ಕಳಿಸಿ, ಓದಿಕೊಂಡು ಅದರಂತೆ ಮಾಡಲು ಹೇಳಿ. ಪಕ್ಕದಲ್ಲಿ ಕೂತು ನೋಡಿ, ಬಾಯಿ ಬಿಡಬೇಡಿ. ಅವರ ಕೈ ಎಲ್ಲಿ ನಿಲ್ಲುತ್ತದೋ ಆ ಸಾಲನ್ನು ಮತ್ತೆ ಬರೆಯಿರಿ.